ಬೂದಿ ಬಿಟ್ಟ ದಿನ ಬೋಟು ಹತ್ತಿದ್ದು

ಅಪ್ಪ ತೀರಿಕೊಂಡ ಮೂರನೆಯ ದಿನ, ಬೆಳಿಗ್ಗೆಯೇ ಹಾಲುತುಪ್ಪ ಮುಗಿಸಿ, ಬೂದಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬರುವುದೆಂದು ನಿಶ್ಚಯವಾಯಿತು. ನಮ್ಮೂರು ಸಂತೆಬಾಚಹಳ್ಳಿಯ ಪಕ್ಕದ ಒಂದು ಸಣ್ಣ ಊರು. ಹೆಣ್ಣುಮಕ್ಕಳು ಬೂದಿಯ ಜೊತೆ ಹೊಳೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ನಾನು ಹೋಗಲೇಬೇಕೆಂದು ಹಟ ಹಿಡಿದೆ. ಚಿಕ್ಕಪ್ಪ ಮುಖ ಗಂಟು ಹಾಕಿಕೊಂಡರು. ಅಣ್ಣ, "ಬರ್ಲಿ ಬುಡು ಚಿಕ್ಕಪ್ಪ, ಅವ್ಳೇನ್ ಹೊರಗ್ನೋಳಾ?" ಎಂದ. ಅಲ್ಲಿಗೆ ಮಾತು ಮುಗಿಯಿತು.

ಅಣ್ಣ, ತಮ್ಮ, ಚಿಕ್ಕಪ್ಪ, ನಾನು. ಕಾರು ಓಡಿಸುತ್ತಿದ್ದವರು ಕೆ.ಆರ್.ಪೇಟೆಯ ಸಾಹೇಬರು, ಅಪ್ಪನ ಹಳೆಯ ಸ್ನೇಹಿತರು. ಸುದ್ದಿ ಕೇಳಿ ತಾವಾಗಿಯೇ ಕಾರು ತಂದು ಮನೆ ಮುಂದೆ ನಿಲ್ಲಿಸಿದ್ದರು. ಅವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಬಿರ್ನೆ ಬಂದ್ಬುಡಿ" ಎಂದಳು.

ಮೇಲುಕೋಟೆಯ ಬೆಟ್ಟ ಇಳಿದು ಜಕ್ಕನಹಳ್ಳಿ ದಾಟಿದೆವು. ಬೂದಿಯ ಮಡಕೆ ಅಣ್ಣನ ತೊಡೆಯ ಮೇಲಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಗುಂಡಿ ಬಂದಾಗಲೆಲ್ಲ ಅವನು ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಳ್ಳುತ್ತಿದ್ದ. ಪಾಂಡವಪುರದ ಹತ್ತಿರ ಕಬ್ಬಿನ ಗಾಡಿಗಳು ಅಡ್ಡ ನಿಂತು ರಸ್ತೆ ಕಟ್ಟಿಕೊಂಡಿತು. ಸಾಹೇಬರು ಹಾರ್ನ್ ಹೊಡೆಯದೆ ಕಾಯುತ್ತ ಕುಳಿತರು.

ಹೊಳೆಯ ಹತ್ತಿರ ಎಲ್ಲವೂ ಬೇಗ ಮುಗಿಯಿತು. ಅಣ್ಣ ತಲೆ ಬೋಳಿಸಿಕೊಂಡು ಮುಳುಗಿ ಬಂದ. ಪುರೋಹಿತರು ಹೇಳಿದ ಹಾಗೆ ಮಾಡಿದ. ಬೂದಿ ನೀರಿನ ಮೇಲೆ ಸ್ವಲ್ಪ ಹೊತ್ತು ಹಾಗೇ ತೇಲಿ, ಆಮೇಲೆ ಕದಡಿ ಹೋಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಏನು ಕಂಡೆನೋ ಏನು ಕಾಣಲಿಲ್ಲವೋ. ಚಿಕ್ಕಪ್ಪ, "ತಿರುಗಿ ನೋಡಬ್ಯಾಡಿ, ನಡೀರಿ" ಎಂದು ನಮ್ಮನ್ನೆಲ್ಲ ಮೇಲೆ ಹತ್ತಿಸಿದರು.

ಕಾರು ಹೊರಟು ರಂಗನತಿಟ್ಟಿನ ಬೋರ್ಡು ಕಂಡಾಗ ಆ ಮಾತು ಹೇಳಿದವಳು ನಾನೇ. "ಒಂದ್ ಗಳಿಗೆ ಹಕ್ಕಿ ನೋಡ್ಕೊಂಡು ಹೋಗಣ್ವಾ?"

ಯಾಕೆ ಹೇಳಿದೆನೋ ತಿಳಿಯದು. ಅಣ್ಣ, ತಮ್ಮ, ನಾನು ಮೂವರೂ ಒಟ್ಟಿಗೆ ಎಲ್ಲಿಗೂ ಹೋದವರೇ ಅಲ್ಲ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕಾದ ಮನೆಯಲ್ಲಿ ಪ್ರವಾಸ ಅನ್ನುವುದು ಇರುವುದಿಲ್ಲ. ನಾಗಮಂಗಲದ ಶಾಲೆಯಲ್ಲಿ ಪಾಠ ಹೇಳುವ ನಾನು ವರ್ಷ ವರ್ಷವೂ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ದರಿಯಾ ದೌಲತ್, ಗುಂಬಜ್, ಕನ್ನಂಬಾಡಿ ಕಟ್ಟೆ ಎಂದು ತಿರುಗಿಸುತ್ತೇನೆ. ನನ್ನ ಅಣ್ಣ ತಮ್ಮಂದಿರು ಅದೇ ದಾರಿಯಲ್ಲಿ ಗೊಬ್ಬರಕ್ಕೋ ಆಸ್ಪತ್ರೆಗೋ ಹೋಗಿ ಬಂದಿದ್ದರೇ ಹೊರತು ಒಳಗೆ ಕಾಲಿಟ್ಟವರಲ್ಲ.

ಚಿಕ್ಕಪ್ಪ ಸಿಡುಕಿದರು. "ಸೂತ್ಕದಲ್ಲಿ ಅಂಗೆಲ್ಲ ಅಲೆಯಂಗಿಲ್ಲ ಕಣವ್ವ. ಓದ್ದೋಳು ನೀನು, ಇಂಗಂತೀಯಲ್ಲ."

ಸಾಹೇಬರು ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಏನ್ ಮಾಡ್ಲಿ ಬೇಟಿ, ತಿರುಗಿಸ್ಲಾ?" ಅಣ್ಣ ಬೇಡ ಎನ್ನುತ್ತಾನೆಂದುಕೊಂಡಿದ್ದೆ. ಅವನು ಖಾಲಿ ತೊಡೆ ನೋಡಿಕೊಂಡು, "ತಿರುಗ್ಸಿ" ಎಂದ.

ಚಿಕ್ಕಪ್ಪ ಕಾರಿನಿಂದ ಇಳಿಯಲಿಲ್ಲ. ಸಾಹೇಬರು ಅವರ ಜೊತೆ ಮರದ ನೆರಳಲ್ಲಿ ಉಳಿದರು. ನಾವು ಮೂವರು ಲೈಫ್ ಜಾಕೆಟ್ ಹಾಕಿಕೊಂಡು ಬೋಟು ಹತ್ತಿದೆವು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ಕಂಡು ತಮ್ಮ ನನ್ನ ತೋಳು ಹಿಡಿದುಕೊಂಡ. ನಡುಗಡ್ಡೆಯ ಮರಗಳ ತುಂಬ ಬಣ್ಣದ ಕೊಕ್ಕರೆಗಳು, ಕಡ್ಡಿ ಕಚ್ಚಿಕೊಂಡು ಬರುವವು, ಗೂಡಿಗಾಗಿ ಜಗಳವಾಡುವವು. ತಲೆಕೆಳಗಾಗಿ ನೇತಾಡುತ್ತಿದ್ದ ಬಾವಲಿಗಳನ್ನು ಅಣ್ಣ ಕತ್ತೆತ್ತಿ ನೋಡುತ್ತಿದ್ದ. ಆಗಷ್ಟೇ ಬೋಳಿಸಿದ ಅವನ ತಲೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ತಮ್ಮ ಮೆಲ್ಲಗೆ, "ಅಣ್ಣ, ತಲೆ ಮುಚ್ಕೋ. ಮೊಟ್ಟೆ ಅನ್ಕಂಡು ಕೊಕ್ಕರೆ ಬಂದು ಕಾವಿಗೆ ಕುಂತ್ಕಂಡ್ಬುಟ್ಟಾವು" ಎಂದ.

ಅಣ್ಣ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಅಷ್ಟೇ. ನಾನು ನಕ್ಕೆ, ತಮ್ಮ ನಕ್ಕ, ಆಮೇಲೆ ಅಣ್ಣನೂ ನಕ್ಕ. ನಿಲ್ಲಿಸೋಣವೆಂದರೆ ನಿಲ್ಲದು. ಬೋಟಿನವನೂ ಹುಟ್ಟು ಹಿಡಿದುಕೊಂಡು ನಗುತ್ತಿದ್ದ. ತಮ್ಮ ಫೋನು ತೆಗೆದು ಫೋಟೋ ಹೊಡೆದ. ಅಪ್ಪ ಸತ್ತಿದ್ದಾನೆ ಅನ್ನುವುದು ಅಷ್ಟು ಹೊತ್ತು ನನಗೆ ಮರೆತೇ ಹೋಗಿತ್ತು. ನೆನಪಾದದ್ದು ದಡಕ್ಕೆ ಕಾಲಿಟ್ಟಾಗ. ಯಾರೋ ಹಿಂದಿನಿಂದ ಬಂದು ಭುಜ ಹಿಡಿದಂತಾಯಿತು.

ವಾಪಸು ಬರುವಾಗ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಹೊಟ್ಟೆ ತುಂಬ ತಿಂದೆವು. ಚಿಕ್ಕಪ್ಪನೂ ತಿಂದರು.

ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಬಾಗಿಲಲ್ಲಿ ನೀರಿನ ಚೆಂಬು ಇಟ್ಟುಕೊಂಡು ಅವ್ವ ಕೂತಿದ್ದಳು. ಹೊಳೆಗೆ ಹೋದವರು ಬರುವ ತನಕ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲವೆಂದು ಯಾರೋ ಹೇಳಿದ್ದರಂತೆ. ಬೆಳಿಗ್ಗೆಯಿಂದ ಅವಳು ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ.

"ಯಾಕ್ಲಾ ಇಷ್ಟೊತ್ತು?" ಎಂದು ಅಣ್ಣನನ್ನು ಕೇಳಿದಳು.

"ಅಲ್ಲಿ ಬಾಳ ಜನ ಕಣವ್ವ" ಎಂದು ತಮ್ಮ ಅವನಿಗಿಂತ ಮೊದಲೇ ಹೇಳಿಬಿಟ್ಟ. ನಾನು ಕಾಲು ತೊಳೆದುಕೊಂಡು ಒಳಗೆ ಹೋದೆ. ಅವ್ವನಿಗೆ ಅನ್ನ ಬಡಿಸಿದೆ. "ನೀನೂ ಕುಂತ್ಕ" ಎಂದಳು. ಹಸಿವಿಲ್ಲವೆಂದೆ. ದುಃಖಕ್ಕೆ ಹಸಿವಿಲ್ಲವೆಂದು ತಿಳಿದುಕೊಂಡು, ತನ್ನ ತಟ್ಟೆಯಿಂದಲೇ ಒಂದು ತುತ್ತು ಕಲಸಿ ನನ್ನ ಬಾಯಿಗಿಟ್ಟಳು. ಅದನ್ನು ನುಂಗಿದ ಕಷ್ಟ ನನಗೇ ಗೊತ್ತು.

ಆದರೆ ತಮ್ಮ ಆ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ. ಹಾಕಿ ಸ್ವಲ್ಪ ಹೊತ್ತಿಗೇ ತೆಗೆದನಂತೆ. ನೋಡಬೇಕಾದವರೆಲ್ಲ ಅಷ್ಟರಲ್ಲಿ ನೋಡಿಯಾಗಿತ್ತು. ತಿಥಿಯ ದಿನ ಊಟದ ಪಂಕ್ತಿಯಲ್ಲಿ ಅಪ್ಪನ ತಂಗಿ, ನಮ್ಮ ಸೋದರತ್ತೆ, ಎಲ್ಲರಿಗೂ ಕೇಳುವಂತೆ, "ನೀವು ನಮ್ಮಣ್ಣನ ಬೂದಿ ಬುಡಕ್ಕೆ ಹೋಗಿದ್ರೋ, ಜಾಲಿ ಮಾಡಕ್ಕೆ ಹೋಗಿದ್ರೋ?" ಎಂದರು.

ಚಿಕ್ಕಪ್ಪ ತಲೆ ತಗ್ಗಿಸಿಕೊಂಡೇ, "ನಾನ್ ಬ್ಯಾಡ ಅಂದೆ ಕಣಕ್ಕ" ಎಂದರು.

"ಹೋಗಣ ಅಂದೋಳು ನಾನೇ, ಅತ್ತೆ" ಎಂದೆ. ಪಾಯಸ ಬಡಿಸುತ್ತಿದ್ದವರು ನನ್ನ ಎಲೆ ದಾಟಿ ಮುಂದೆ ಹೋದರು. ಬೇಕೆಂದು ಮಾಡಿದರೋ, ನನಗೆ ಹಾಗನ್ನಿಸಿತೋ. ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನೆಂಟರೆಲ್ಲ ಹೋದ ಮೇಲೆ ನನ್ನನ್ನು ಕೊಟ್ಟಿಗೆಗೆ ಕರೆದು, "ಎಲ್ಲಿ, ಆ ಪೋಟ ತೋರ್ಸು" ಎಂದಳು. ತಮ್ಮನ ಫೋನು ತಂದುಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿದಳು. ಬೈಯಲಿ, ನಾಲ್ಕು ಮಾತು ಅಂದುಬಿಡಲಿ ಎಂದು ನಾನು ಕಾಯುತ್ತಿದ್ದೆ.

"ತಪ್ಪಾಯ್ತು ಕಣವ್ವ. ನಗಬಾರ್ದಿತ್ತು."

"ನಗಾದಕ್ಕೇನು" ಎಂದಳು ಅವ್ವ. "ಕಾರಲ್ಲಿ ಇನ್ನೊಬ್ರಿಗೆ ಜಾಗ ಇರ್ನಿಲ್ವಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಹಿಂದಿನ ಸೀಟಿನಲ್ಲಿ ಮೂವರೇ ಕೂತಿದ್ದೆವು. ಒತ್ತಿಕೊಂಡರೆ ಜಾಗವಿತ್ತು.

"ನೀನಾದ್ರೆ ಹಟ ಮಾಡ್ಕಂಡು ಹೋದೆ. ನನ್ನ ಯಾರೂ ಕೇಳ್ನೇ ಇಲ್ಲ. ಅವ್ರ ಜೊತೆ ಬಾಳ್ವೆ ಮಾಡ್ದೋಳು ನಾನಲ್ವಾ? ಹಸ ಒಂದೊತ್ತು ಯಾರ್ ಕರೆದ್ರೂ ಆಯ್ತಿತ್ತು." ಫೋನು ನನ್ನ ಕೈಗೆ ಕೊಟ್ಟು ಬಕೆಟ್ಟು ಎತ್ತಿಕೊಂಡಳು.

ಅಷ್ಟು ದಿನ ನಕ್ಕದ್ದಕ್ಕೆ, ಇಡ್ಲಿ ತಿಂದದ್ದಕ್ಕೆ ನನ್ನನ್ನು ನಾನು ಬೈದುಕೊಂಡಿದ್ದೆ. ಅವಳು ಬರಬಹುದಿತ್ತು ಅನ್ನುವುದು ಒಮ್ಮೆಯೂ ಹೊಳೆದಿರಲಿಲ್ಲ. ಹೆಣ್ಣುಮಕ್ಕಳು ಯಾಕೆ ಹೋಗಬಾರದು ಎಂದು ಚಿಕ್ಕಪ್ಪನ ಹತ್ತಿರ ವಾದ ಹಾಕಿದವಳು ನಾನೇ. ಆ ವಾದವೆಲ್ಲ ನನಗಾಗಿ ಮಾತ್ರ ಹಾಕಿದ್ದೆ.

ಕರೆದುಕೊಂಡು ಹೋಗುತ್ತೇನೆಂದು ಆ ದಿನವೇ ಮಾತು ಕೊಟ್ಟೆ. ಪರೀಕ್ಷೆ ಬಂತು, ಗಣತಿಯ ಕೆಲಸ ಬಂತು, ಬಿಸಿಲು ಜೋರಾಯಿತು. ಕೊನೆಗೆ ಹೊರಟಾಗ ಮಳೆಗಾಲ ಹಿಡಿದಿತ್ತು. ಅಣ್ಣ, ತಮ್ಮ ಇಬ್ಬರೂ ಹಾಲು ಕರೆಯಲು ಮನೆಯಲ್ಲಿ ಉಳಿದರು. ಸಾಹೇಬರೇ ಕಾರು ತಂದರು. ಅವ್ವ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಯಾರ ಗದ್ದೆ ನಾಟಿಯಾಗಿದೆ, ಯಾರದ್ದು ಆಗಿಲ್ಲ ಎಂದು ನೋಡುತ್ತಿದ್ದಳು.

ರಂಗನತಿಟ್ಟಿನಲ್ಲಿ ಬೋಟು ನಿಲ್ಲಿಸಿದ್ದರು. ಕೆ.ಆರ್.ಎಸ್.ನಿಂದ ನೀರು ಬಿಟ್ಟಿದ್ದರಿಂದ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮರಗಳಲ್ಲಿ ಹಕ್ಕಿ ಅಲ್ಲೊಂದು ಇಲ್ಲೊಂದು. ಅವ್ವ ಬೇಲಿ ಹಿಡಿದು ನಿಂತು, "ನಿಮ್ ಪೋಟದಲ್ಲಿ ಬಾಳ ಇದ್ವು" ಎಂದಳು. ಮೊದಲೇ ಫೋನು ಮಾಡಿ ವಿಚಾರಿಸಬಹುದಿತ್ತು. ವಿಚಾರಿಸಿರಲಿಲ್ಲ.

ಪಶ್ಚಿಮವಾಹಿನಿಯಲ್ಲಿ ಅರ್ಧದಷ್ಟು ಮೆಟ್ಟಿಲುಗಳು ಮುಳುಗಿದ್ದವು. ಅವ್ವ ಚಪ್ಪಲಿ ಬಿಟ್ಟು ಕೆಳಗಿಳಿದು, "ಎಲ್ ಬುಟ್ರಿ?" ಎಂದು ಕೇಳಿದಳು. ನಾನು ಆ ಕಡೆ ನೋಡಿದೆ, ಈ ಕಡೆ ನೋಡಿದೆ. ನೀರು ಎಲ್ಲವನ್ನೂ ಒಂದೇ ಮಾಡಿಬಿಟ್ಟಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಇಲ್ಲೇ ಕಣವ್ವ" ಎಂದು ಹತ್ತಿರದ ಒಂದು ಕಲ್ಲು ತೋರಿಸಿದೆ. ಅವಳು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಆ ನೀರಿಗೆ ಏನೋ ಹೇಳಿದಳು. ಕೇಳಿಸಿಕೊಳ್ಳಬಾರದೆಂದು ನಾನು ಎರಡು ಮೆಟ್ಟಿಲು ಮೇಲೆ ಹೋಗಿ ನಿಂತೆ.

ಸಂಜೆ ಮನೆಯಲ್ಲಿ ತಮ್ಮ, "ಯಾವ್ ಜಾಗ ತೋರ್ಸ್ದೆ?" ಎಂದು ಕೇಳಿದ. ಹೇಳಿದೆ. "ಅಲ್ಲಲ್ಲ ಕಣಕ್ಕ, ಅದು ನಾವು ಬಟ್ಟೆ ಬಿಚ್ಚಿಟ್ಟಿದ್ ಜಾಗ. ಬುಟ್ಟಿದ್ದು ಆ ಕಡೆ ಮಂಟಪದ ಹತ್ರ." ಅವ್ವ ಅಷ್ಟರಲ್ಲಿ ಅತ್ತಿಗೆಗೆ, ಹೊಳೆ ಎಷ್ಟು ತುಂಬಿತ್ತು, ತಾನು ಯಾವ ಕಲ್ಲಿನ ಮೇಲೆ ಕೂತಿದ್ದೆ ಎಂದು ಕೈ ಮಾಡಿ ಹೇಳುತ್ತಿದ್ದಳು. ಬೇಡ ಎಂದು ತಮ್ಮನಿಗೆ ಕಣ್ಣಲ್ಲೇ ಹೇಳಿದೆ.

ಈಗ ಹೊಳೆ ಇಳಿದಿದೆ, ಬೋಟು ಮತ್ತೆ ಬಿಡುತ್ತಿದ್ದಾರಂತೆ. ಈ ಸಲ ವಿಚಾರಿಸಿದ್ದೇನೆ. ಅವ್ವನನ್ನು ಕರೆದುಕೊಂಡು ಹೋಗಿ, ಬೂದಿ ಬಿಟ್ಟಿದ್ದು ಆ ಕಲ್ಲಿನ ಹತ್ತಿರ ಅಲ್ಲ, ಮಂಟಪದ ಹತ್ತಿರ ಎಂದು ಹೊಳೆಯ ದಡದಲ್ಲೇ ನಿಂತು ಹೇಳಬೇಕು. ಹೇಗೆ ಹೇಳುವುದೆಂದು ಮಾತ್ರ ಇನ್ನೂ ಹೊಳೆದಿಲ್ಲ.