ಎದುರು ಶೆಡ್ಡಿನವನ ಬ್ಲೋವರ್

ಮೊನ್ನೆ ಸಿದ್ದಾಪುರದ ಗ್ಯಾರೇಜೊಂದರ ಮುಂದೆ ಹಾದುಹೋಗುವಾಗ ಕಾದ ರಬ್ಬರು, ಪೆಟ್ರೋಲು ಬೆರೆತ ವಾಸನೆ ಮೂಗಿಗೆ ಬಡಿಯಿತು. "ಟರ್ಬೋ ಕಾದಿದೆ ಅಜ್ಜ" ಎಂದ ಒಳಗಿದ್ದ ಮೆಕ್ಯಾನಿಕ್ಕು. ಎಂಜಿನ್ನಿಗೆ ಗಾಳಿ ತುರುಕುವ ಯಂತ್ರಕ್ಕೆ ಈಗ ಟರ್ಬೋ ಅಂತೆ! ಅದರ ಅಣ್ಣನನ್ನು ನಾನು ಅಮ್ಮತ್ತಿಯಲ್ಲಿ ಕಂಡದ್ದು ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ...

ಅಲ್ಲಿ ನನ್ನ ರಿಪೇರಿ ಶೆಡ್ಡಿನ ಎದುರಿಗೇ ಇನ್ನೊಬ್ಬ ಮೆಕ್ಯಾನಿಕ್ಕೂ ಒಂದು ಶೆಡ್ಡು ಹಾಕಿದ್ದ. ನನಗಿಂತ ಕಿರಿಯ. ಅವನನ್ನು ಕಂಡರೇ ನನಗೆ ಮೈ ಉರಿಯುತ್ತಿತ್ತು. ನಾನು ಬಿಚ್ಚಿ ಜೋಡಿಸಿ ಸುಸ್ತಾದ ಎಂಜಿನ್ನು ಅವನು ಕೈಯಿಟ್ಟರೆ ಸಾಕು, ಸರಿಹೋಗುತ್ತಿತ್ತು. ಮಾಕುಟ್ಟದ ಘಾಟಿ ಹತ್ತಲಾರದೆ ಸೋಲುತ್ತಿದ್ದ ತಮ್ಮ ಲಾರಿಯನ್ನು ಯಾರು ಸರಿಮಾಡುತ್ತಾರೋ ಅವರಿಗೇ ಎಸ್ಟೇಟಿನ ಎಲ್ಲ ಗಾಡಿಗಳ ಕೆಲಸ ಎಂದು ಸಾವ್ಕಾರರು ಹೇಳಿದ್ದರು. ನಾನು ಮಾಡಿ ಸೋತೆ.

ಅವನು ಮಿಲಿಟರಿ ಗುಜರಿಯಿಂದ ಗಾಳಿ ಒತ್ತಿ ಊದುವ ಒಂದು ಬ್ಲೋವರ್ ತಂದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನೊಳಕ್ಕೆ ಗಾಳಿ ತುರುಕುವಂತೆ ಜೋಡಿಸಿದ. ಅರ್ಧ ಘಾಟಿಯಲ್ಲಿ ಎಂಜಿನ್ನು ಟಣಟಣ ಬಡಿದುಕೊಂಡು ನಿಂತೇಹೋಯಿತು. ಸುದ್ದಿ ಕೇಳಿ ನಾನು ಇಡೀ ದಿನ ಸಿಳ್ಳೆ ಹಾಕಿದೆ.

ಸಂಜೆ ಅವನು ನನ್ನ ಹತ್ತಿರವೇ ಬರಬೇಕೆ!

"ಅಣ್ಣಾ, ಗಾಳಿ ಜಾಸ್ತಿ ಕೊಟ್ರೂ ಯಾಕೆ ನಿಲ್ತದೆ?"

"ಸೈಕಲ್ಲಿಗೆ ಗಾಳಿ ಹೊಡ್ದು ಪಂಪಿನ ಬುಡ ಮುಟ್ಟಿ ನೋಡು. ಒತ್ತಿದ ಗಾಳಿ ಸುಡ್ತದೆ. ಕಾರ್ಬುರೇಟರಲ್ಲಿ ಪೆಟ್ರೋಲ್ ಕುದೀತಾ ಉಂಟು. ಅಷ್ಟೂ ಗೊತ್ತಿಲ್ವಾ ನಿಂಗೆ?"

ಚುಚ್ಚಲೆಂದೇ ಹೇಳಿದ್ದು. ಅವನು ಬಾಯಿ ಬಿಟ್ಟುಕೊಂಡು ಕೇಳಿ, ಓಡಿದ. ಮರುವಾರ ಕಾರ್ಬುರೇಟರನ್ನು ಬಿಚ್ಚಿ, ಬ್ಲೋವರಿಗೆ ಗಾಳಿ ಹೋಗುವ ಬಾಯಿಗೇ ಕೂರಿಸಿದ್ದ. ಪೆಟ್ರೋಲು ಮೊದಲೇ ಗಾಳಿಗೆ ಬೆರೆತು, ಆವಿಯಾಗುತ್ತ ಅದರ ಬಿಸಿ ಇಳಿಸುತ್ತಿತ್ತು. ಲಾರಿ ನಿಲ್ಲದೆ ಘಾಟಿ ಹತ್ತಿತು. ಅಯ್ಯೋ, ಇದು ನನಗೇಕೆ ಹೊಳೆಯಲಿಲ್ಲ!

ಕೆಲಸ ಅವನ ಪಾಲಾಯಿತು. ಅಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಿರುತ್ತಿದ್ದೆ. ಅವನು ಪೇಟೆ ತುಂಬ "ಬುದ್ಧಿ ಅಣ್ಣಂದು, ಕೈ ಮಾತ್ರ ನಂದು" ಎಂದು ಹೇಳಿಕೊಂಡು ತಿರುಗಿದ. ಎದುರಾಳಿಗೂ ಕಲಿಸಿಕೊಟ್ಟ ದೊಡ್ಡ ಮನಸ್ಸು ಎಂದು ಜನ ನನ್ನನ್ನು ಹೊಗಳಿದರು. ಹಲ್ಲು ಕಚ್ಚಿಕೊಂಡು ನಗಬೇಕಾಯಿತು.

ಮೊನ್ನೆ ನಾನು ಸಿದ್ದಾಪುರಕ್ಕೆ ಹೋದದ್ದು ಅವನ ತಿಥಿಗೆ. ಅವನ ಮಗಳು ಕೈ ಹಿಡಿದು ಮೊದಲ ಎಲೆಗೆ ಕೂರಿಸಿದಳು. "ದೊಡ್ಡಪ್ಪಾ, ನಿಮ್ಗೇ ಮೊದ್ಲು ಬಡಿಸ್ಬೇಕು ಅಂತ ಅಪ್ಪ ಹೇಳಿ ಹೋಗಿದ್ದಾರೆ."

ನಾನು ಮೊದಲು ಸತ್ತಿದ್ದರೆ ಇಂಥ ಮಾತು ಹೇಳಿ ಹೋಗಲು ನನಗೆ ಹೊಳೆಯುತ್ತಲೇ ಇರಲಿಲ್ಲ. ಸಾಯುವಾಗಲೂ ನನ್ನನ್ನು ನೆನೆದು, ನನಗಿಂತ ದೊಡ್ಡವನಾಗಿ ಹೋದನಲ್ಲ, ಪಾಪಿ... ಎಲೆಯ ಮುಂದೆ ಕೂತು ಹೊಟ್ಟೆಕಿಚ್ಚಿನಲ್ಲೇ ಅತ್ತೆ.