ಅತ್ತೆಯ ಖುರ್ಚಿ, ಅಳಿಯನ ಗ್ಯಾರೇಜು

೨೦೦೩ರಲ್ಲಿ ನಾನು ಶಹಾಬಾದಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೆ. ಮನುಷ್ಯ ತನ್ನ ದಿನದ ಕೆಲಸವನ್ನು ತಾನೇ ನಿಭಾಯಿಸುವಂತೆ ತರಬೇತಿ ಕೊಡುವ ವೃತ್ತಿ ಇದು. ಬುಧವಾರ ಚಿತ್ತಾಪುರದಲ್ಲಿ ನನ್ನ ಪಾಳಿ. ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ವಸತಿಶಾಲೆಯಲ್ಲಿ ಬೆಳೆದವಳು ನಾನು. ಸರಿಯಾದ ವೇಳಾಪಟ್ಟಿಗೆ ಬಗ್ಗದ ಮನುಷ್ಯನಿಲ್ಲ ಎಂದೇ ನಂಬಿದ್ದೆ.

ಆ ನಂಬಿಕೆಯನ್ನು ಬಿಚ್ಚಿಹಾಕಿದವನು ಮೋಟರ್‌ಸೈಕಲ್ ಮೆಕ್ಯಾನಿಕ್ ಮಲ್ಲಣ್ಣ. ಬಿಚ್ಚುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಕೈಯಲ್ಲಿ ಒಂದು ಗಾಡಿಯ ಕಾರ್ಬ್ಯುರೇಟರ್ ಇರುವಾಗಲೇ ರಸ್ತೆಯಲ್ಲಿ ಇನ್ನೊಂದು ಗಾಡಿ ಕೆಮ್ಮಿದರೆ, ಓಡಿಹೋಗಿ ಅದನ್ನು ನಿಲ್ಲಿಸಿ ಬಿಚ್ಚುತ್ತಿದ್ದ. ಜೋಡಿಸುವುದು ಮಾತ್ರ ಉಳಿದುಬಿಡುತ್ತಿತ್ತು. ಗುಲ್ಬರ್ಗಾದ ಮನೋವೈದ್ಯರು ಪರೀಕ್ಷಿಸಿ, ಇದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದು ಹೇಳಿ ನನ್ನ ಬಳಿಗೆ ಕಳಿಸಿದ್ದರು. ಇದು ಸೋಮಾರಿತನವಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಿ, ಹಿಡಿದದ್ದನ್ನು ಮುಗಿಸುವಂತೆ ನೋಡಿಕೊಳ್ಳುವ ಮಿದುಳಿನ ಮೇಲ್ವಿಚಾರಣೆಗೆ ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ಮಲ್ಲಣ್ಣನ ತಲೆಯೊಳಗಿನ ಮೇಲ್ವಿಚಾರಕ ಆಗಾಗ ಹೇಳದೆ ಕೇಳದೆ ರಜೆ ಹಾಕುತ್ತಿದ್ದ.

ಗ್ಯಾರೇಜು ಇದ್ದದ್ದು ಅವನ ಅತ್ತೆ ನಾಗಮ್ಮನ ಮನೆಯ ಮುಂದಿನ ಖೋಲಿಯಲ್ಲಿ. ಜೊತೆಗೆ ಬಂದಿದ್ದ ಹೆಂಡತಿ ಶರಣಮ್ಮ ಗಡುವು ತಿಳಿಸಿದಳು.

“ಯುಗಾದಿ ಒಳಗ ಬಿಚ್ಚಿದ ಏಳೂ ಗಾಡಿ ಹೊರಗ ಹೋಗಬೇಕಂತ್ರಿ. ಇಲ್ಲಾಂದ್ರ ನಮ್ಮವ್ವ ಖೋಲಿ ಗಿರಣಿ ಬಸಣ್ಣಗ ಕೊಡ್ತಾಳ. ಇವರು ವಾಡಿಗಿ ಹೋಗಿ ಫ್ಯಾಕ್ಟರ್‍ಯಾಗ ಹಮಾಲಿ ಮಾಡಬೇಕು.”

“ಫ್ಯಾಕ್ಟರ್‍ಯಾಗ ದೊಡ್ಡ ದೊಡ್ಡ ಮಷೀನ್ ಇರ್ತಾವ್ರಿ,” ಎಂದ ಮಲ್ಲಣ್ಣ, ಕಣ್ಣರಳಿಸಿ.

“ಅದಕ್ಕ ನನಗ ಅಂಜಿಕಿ,” ಎಂದಳು ಶರಣಮ್ಮ.

ನಾನು ವೇಳಾಪಟ್ಟಿ ಬರೆದು, ಒಂದು ಅಲಾರಂ ಗಡಿಯಾರವನ್ನೂ ಕೊಟ್ಟೆ. ಮುಂದಿನ ಬುಧವಾರ ಗಡಿಯಾರ ಕರವಸ್ತ್ರದಲ್ಲಿ ಗಂಟು ಕಟ್ಟಿಸಿಕೊಂಡು ಬಂತು.

“ಮೇಡಂರಿ, ಗಂಟಿ ಸಪ್ಪಳ ಭಾಳ ಒಡಕ ಬರ್ತಿತ್ತು. ಸುಧಾರಸೋಣಂತ ಬಿಚ್ಚಿದೆ.”

“ಮತ್ತೆ ಜೋಡಿಸಲಿಲ್ಲವೇ?”

“ಅಷ್ಟ್ರಾಗ ಒಂದು ಮೊಪೆಡ್ ಬಂತ್ರಿ.”

“ಮೊಪೆಡ್, ಗಡಿಯಾರ ಹಿಡದು ಬಿಚ್ಚಿದ್ದು ಈಗ ಒಂಬತ್ತಾದ್ವು ನೋಡ್ರಿ,” ಎಂದಳು ಶರಣಮ್ಮ.

ನಾನು ಗ್ಯಾರೇಜಿಗೇ ಹೋಗಿ ಕುಳಿತೆ. ಪಕ್ಕದಲ್ಲಿ ಒಬ್ಬರು ಸುಮ್ಮನೆ ಕುಳಿತಿದ್ದರೆ ಸಾಕು, ಅವನ ಕೈ ಹಿಡಿದ ಗಾಡಿಯನ್ನು ಬಿಡುತ್ತಿರಲಿಲ್ಲ. ಇದಕ್ಕೆ ಬಾಡಿ ಡಬ್ಲಿಂಗ್ ಎನ್ನುತ್ತಾರೆ. ಹತ್ತಿರದಲ್ಲಿ ಇನ್ನೊಬ್ಬರಿರುವುದೇ ಗಮನಕ್ಕೆ ಲಗಾಮು. ಆದರೆ ದಿನವೂ ಕೂರುವವರು ಯಾರು? ಶರಣಮ್ಮನಿಗೆ ಅಂಗನವಾಡಿ ಕೆಲಸ. ಅವನ ಗೆಳೆಯನೊಬ್ಬನನ್ನು ಕೂರಿಸಿದೆವು. ಸಂಜೆಯ ಹೊತ್ತಿಗೆ ಇಬ್ಬರೂ ಸೇರಿ ಆ ಗೆಳೆಯನ ಸೈಕಲ್ಲನ್ನೇ ಬಿಚ್ಚಿದ್ದರು.

ಅಷ್ಟರಲ್ಲಿ ನಾನೊಂದು ಸಂಗತಿ ಗಮನಿಸಿದೆ. ಒಳಗೆ ನಾಗಮ್ಮನ ಬಳೆ ಸದ್ದಾದರೆ, ರಸ್ತೆಯತ್ತ ಹೊರಟಿದ್ದ ಮಲ್ಲಣ್ಣ ಹಿಂದಿರುಗಿ ಕೂರುತ್ತಿದ್ದ. ಆ ಮನೆಯ ಹಳೆಯ ಪದ್ಧತಿಯಲ್ಲಿ ಅತ್ತೆ ಅಳಿಯನ ಎದುರು ಕೂರುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಹೇಳಬೇಕಾದದ್ದನ್ನು ಮಗಳಿಗೋ ಬೆಕ್ಕಿಗೋ ಹೇಳಬೇಕು. ಹರಟೆ ಹೊಡೆಯದ, ಎದುರಾಡಲಾಗದ ಜೊತೆಗಾರ್ತಿ! ಇಂಥವರು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ.

ಗ್ಯಾರೇಜಿನಲ್ಲಿ ಬಂದು ಕೂರಲು ಕೇಳಿದಾಗ ನಾಗಮ್ಮ ತಲೆಯ ಮೇಲಿನ ಸೆರಗು ಎಳೆದುಕೊಂಡಳು. “ಅಳಿಯಂದಿರ ಎದುರಿಗಿ ಕುಂದ್ರೂದಾ? ಮಂದಿ ಏನಂದಾರು?”

“ಎದುರಿಗೆ ಬೇಡಮ್ಮ. ಹೊಸ್ತಿಲ ಒಳಗೆ, ಬೆನ್ನು ತಿರುಗಿಸಿ ಕೂತರೆ ಸಾಕು.”

“ಬೆನ್ನು ತಿರುವಿ ಕುಂತು ಏನ್ ಮಾಡ್ಲಿ?”

“ತೊಗರಿಬೇಳೆ ಆರಿಸಿರಿ.”

ಹಾಗೆ ಹೊಸ್ತಿಲೊಳಗೆ ಖುರ್ಚಿ ಬಂತು, ನಾಗಮ್ಮನ ತೊಡೆಯ ಮೇಲೆ ಬೇಳೆಯ ಮೊರ ಬಂತು. ಖೋಲಿಯ ನೆಲದ ಒಂದು ಫರಸಿ ಕಲ್ಲಿಗೆ ಸುಣ್ಣ ಬಳಿದೆವು. ಆ ಬಿಳಿ ಕಲ್ಲಿನ ಮೇಲೆ ನಿಂತ ಗಾಡಿಗೆ ಮಾತ್ರ ಪಾನಾ, ಅಂದರೆ ಸ್ಪ್ಯಾನರ್, ಹಚ್ಚಬೇಕು. ಮಲ್ಲಣ್ಣನ ಗಮನ ಅತ್ತಿತ್ತ ಹೋದರೆ ಖುರ್ಚಿಯ ಹಿಂದೆ ಪಾನಾದ ಸದ್ದು ನಿಲ್ಲುತ್ತಿತ್ತು. ಕೂಡಲೇ ನಾಗಮ್ಮನ ದನಿ ಕೇಳುತ್ತಿತ್ತು.

“ಏ ಬೆಕ್ಕೇ, ಹಿಡದ ಇಲಿ ಬಿಟ್ಟು ಇನ್ನೊಂದರ ಹಿಂದ ಓಡಿದ್ರ ಎರಡೂ ಸಿಗಂಗಿಲ್ಲ.”

ಬೆಕ್ಕು ಮಲಗಿರುತ್ತಿತ್ತು. ಮಲ್ಲಣ್ಣ ಕೆಲಸ ಮುಂದುವರಿಸುತ್ತಿದ್ದ. ಗಾಡಿಗಳು ಒಂದೊಂದಾಗಿ ಹೊರಬಿದ್ದವು. ಓಣಿಯವರ ಬೇಳೆಯೆಲ್ಲ ಆರಿಸಲು ನಾಗಮ್ಮನ ಮೊರಕ್ಕೇ ಬರತೊಡಗಿತು.

ಯುಗಾದಿಯ ಮುನ್ನಾದಿನ ಕೊನೆಯ ಗಾಡಿ ಬಿಳಿ ಕಲ್ಲಿನ ಮೇಲಿತ್ತು. ನಾನೂ ಅಲ್ಲಿದ್ದೆ. ಆಗಲೇ ಗಿರಣಿ ಬಸಣ್ಣ ಖೋಲಿ ಅಳೆಯಲು ಟೇಪು ಹಿಡಿದು ಬಂದ. ಅವನ ಗಾಡಿಯಿಂದ ನಾನೆಂದೂ ಕೇಳದ ಸದ್ದು ಬರುತ್ತಿತ್ತು. ಮಲ್ಲಣ್ಣನ ಮುಖ ಹಬ್ಬದೂಟ ಕಂಡವರ ಹಾಗಾಯಿತು. ಪಾನಾ ಹಿಡಿದೇ ಎದ್ದ.

“ಇಂಜಿನ್ನಿನ ಟಾಪಿಟ್ ಸಡ್ಲ ಆಗ್ಯಾವ್ರಿ ಬಸಣ್ಣೋರ. ಒಂದ್ ನಿಮಿಷ ಬಿಚ್ಚಿ ನೋಡ್ತೀನಿ.”

ಮೊರ ಕೆಳಗಿಟ್ಟ ಸದ್ದಾಯಿತು. ನಾಗಮ್ಮ ಖುರ್ಚಿಯಿಂದ ಎದ್ದು, ಮೊದಲ ಬಾರಿಗೆ ಹೊಸ್ತಿಲು ದಾಟಿ ಗ್ಯಾರೇಜಿಗೆ ಬಂದು ನಿಂತಳು. ಆಗಲೂ ಅಳಿಯನತ್ತ ನೋಡಲಿಲ್ಲ.

“ಬಸಣ್ಣ, ಗಾಡಿ ದೂರ ನಿಲ್ಲಸ್ರಿ. ನಮ್ಮ ಅಳಿಯಂದಿರು ಕೆಲಸದಾಗ ಅದಾರ. ಟೇಪು ಕಿಸೇದಾಗ ಇಟ್ಕೋರಿ. ಗಾಡಿ ತೋರಸೂದಿದ್ರ ಹಬ್ಬ ಆದ ಮ್ಯಾಲ ಬರ್ರಿ, ಪಾಳಿ ಪ್ರಕಾರ.”

ಮಲ್ಲಣ್ಣ ಕುಳಿತ. ದೀಪ ಹಚ್ಚುವ ಹೊತ್ತಿಗೆ ಕೊನೆಯ ಗಾಡಿ ಗುರುಗುಟ್ಟಿತು.

ಮಳೆಗಾಲದಲ್ಲಿ ಮತ್ತೆ ಹೋದಾಗ ಖುರ್ಚಿ ಖಾಲಿಯಿತ್ತು, ಮೇಲೆ ನಾಗಮ್ಮನ ಮೊರ. ಮಲ್ಲಣ್ಣ ಬಿಳಿ ಕಲ್ಲಿನ ಮೇಲಿನ ಗಾಡಿಯಿಂದ ತಲೆಯೆತ್ತಲಿಲ್ಲ.

“ಅತ್ತೆಯವರು ಎಲ್ಲಿ?”

“ಸೇಡಂಕ ಸಣ್ಣ ಮಗಳ ಮನಿಗಿ ಹೋಗ್ಯಾರ್ರಿ.”

“ಮತ್ತೆ ಕೆಲಸ?”

“ಖುರ್ಚಿ ಅದ ಅಲ್ರಿ.”

ತಲೆಯೊಳಗಿನ ಮೇಲ್ವಿಚಾರಕ ಕೈಕೊಟ್ಟರೆ ಹೊರಗೊಬ್ಬರನ್ನು ಕೂರಿಸಬೇಕು. ಅವರು ಯಾರೆಂಬುದನ್ನು ಆ ಮನೆಯಲ್ಲೇ ಹುಡುಕಬೇಕು. ವೃತ್ತಿ ನನಗೆ ಕಲಿಸಿದ ಪಾಠ ಅದು. ನನ್ನ ಅಲಾರಂ ಗಡಿಯಾರ ಮಾತ್ರ ಜೋಡಿಸಿಕೊಳ್ಳಲು ಇನ್ನೂ ಪಾಳಿಯಲ್ಲಿದೆ.