ವಿಮಾನಕ್ಕೆ ನಾನು ಹಾಕಿದ ಲೆಕ್ಕ

ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡ ದಿನ ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಅದರ ಹಿಂದೆಯೇ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ. ಎರಡೂ ಒಂದೇ ದಿನ ಆದದ್ದು.

ಎಂಬತ್ತನೇ ಇಸವಿಯ ಆಚೀಚಿನ ಮಾತು. ಮಗಳಿಗೆ ಬೊಂಬಾಯಿಯಲ್ಲೇ ಹೆರಿಗೆಯಾಗಿತ್ತು, ಬಹಳ ಕಷ್ಟದ ಹೆರಿಗೆ. ಮೂರು ತಿಂಗಳಾದ ಮೇಲೆ ಟೇಕಲ್ ಪಕ್ಕದ ನಮ್ಮೂರಿಗೆ ಕಳಿಸಲು ಅಳಿಯಂದಿರು ಒಪ್ಪಿದರು. ಬಾಣಂತಿಗೆ ರೈಲಿನ ಅಲುಗಾಟ ಬೇಡವೆಂದು ವಿಮಾನದ ಟಿಕೆಟ್ ಮಾಡಿಸಿದರು. ಅವರಿಗೆ ರಜೆ ಸಿಗಲಿಲ್ಲ. 'ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೊರಡುತ್ತದೆ, ಬೆಂಗಳೂರಿಗೆ ಬಂದು ಕರೆದುಕೊಂಡು ಹೋಗಿ' ಎಂದು ಕಾಗದ ಬರೆದರು. ತಲುಪುವ ಹೊತ್ತು ಬರೆದಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಲೆಕ್ಕ ಹಾಕಿದೆ. ಮಾಲೂರಿಗೆ ಎತ್ತಿನ ಗಾಡಿಯಲ್ಲಿ ಮೂರು ಗಂಟೆ, ಬಸ್ಸಿನಲ್ಲಿ ಒಂದು ಗಂಟೆ. ಬೊಂಬಾಯಿ ರೈಲಿಗೆ ಒಂದು ಹಗಲು, ಒಂದು ರಾತ್ರಿ. ಗಾಡಿಗಿಂತ ಬಸ್ಸಿನ ಹಾಗೆ ವಿಮಾನವೂ ರೈಲಿಗಿಂತ ಮೂರು ಪಟ್ಟು ಜೋರು ಅಂದರೂ ಎಂಟು ಗಂಟೆ. ಸಂಜೆ ಆರಕ್ಕೆ ಇಳಿಯುತ್ತಾರೆ.

"ಮೇಷ್ಟ್ರನ್ನ ಒಂದ್ ಮಾತು ಕೇಳ್ಬಾರ್ದಾ?" ಅಂದಳು ಹೆಂಡತಿ.

"ಅವರೇನು ವಿಮಾನ ಹತ್ತಿದ್ದಾರೇನೇ? ಸುಮ್ನಿರು."

"ನೀವು ಹತ್ತಿದ್ದೀರಾ?"

ನಿಜ ಏನೆಂದರೆ, ಟೀ ಅಂಗಡಿಯಲ್ಲಿ ಕೂತು ಆಗಲೇ ಎಲ್ಲರಿಗೂ ಎಂಟು ಗಂಟೆ ಅಂದುಬಿಟ್ಟಿದ್ದೆ. ಮೇಷ್ಟರನ್ನು ಕೇಳಿದರೆ ನನಗೆ ಗೊತ್ತಿಲ್ಲವೆನ್ನುವುದು ಊರಿಗೆಲ್ಲ ಗೊತ್ತಾಗುತ್ತಿತ್ತು.

ಶುಕ್ರವಾರ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದವು, ಬಾಯಿ ನಿಲ್ಲಿಸದೆ ಸೊಪ್ಪು ತಿನ್ನುವ ಹೊತ್ತು. ಸಾವಕಾಶವಾಗಿ ಎರಡು ಸಲ ಸೊಪ್ಪು ಹಾಕಿ, ಸ್ನಾನ ಮಾಡಿ, ಉಂಡು, ಮಧ್ಯಾಹ್ನದ ರೈಲು ಹಿಡಿದೆ. ವಿಮಾನ ನಿಲ್ದಾಣ ಮುಟ್ಟಿದಾಗ ಐದೂವರೆ. ಬೇಗ ಬಂದೆನೆಂದೇ ಹಿಗ್ಗಿ ಬಾಗಿಲಲ್ಲಿದ್ದವರನ್ನು ಕೇಳಿದೆ.

"ಹತ್ತಕ್ಕೆ ಹೊರಟ ಬೊಂಬಾಯಿ ವಿಮಾನ ಯಾವಾಗ ಬರುತ್ತೆ ಸಾರ್?"

"ಅದು ಹನ್ನೊಂದೂವರೆಗೇ ಬಂತಲ್ಲ ಯಜಮಾನ್ರೇ."

ಒಳಗೆ ಓಡಿದೆ. ಮಗಳು ಮೂಲೆಯ ಬೆಂಚಿನ ಮೇಲೆ, ಸೆರಗಿನಲ್ಲಿ ಮಗುವನ್ನು ಸುತ್ತಿಕೊಂಡು ಕೂತಿದ್ದಳು. ತುಟಿ ಒಣಗಿತ್ತು. ನಾನು ಬಂದು ಹುಡುಕಿ ಹೋಗಿಬಿಟ್ಟರೆ ಎಂದು ಆರು ಗಂಟೆ ಕಾಲ ನೀರಿಗೂ ಎದ್ದಿರಲಿಲ್ಲವಂತೆ.

"ನೈನಾ," ಅಂದಳು. ನಮ್ಮಲ್ಲಿ ಅಪ್ಪನನ್ನು ಹಾಗೇ ಕರೆಯುವುದು. "ದಾರೀಲಿ ನಿಮಗೇನಾದ್ರೂ ಆಯ್ತೇನೋ ಅಂತ ಜೀವ ಹೊಡ್ಕೊಳ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಏನೂ ಆಗಿಲ್ಲ ಕಣಮ್ಮ ಎಂದಷ್ಟೇ ಹೇಳಿ, ಲೆಕ್ಕದ ಮಾತು ಮುಚ್ಚಿಟ್ಟೆ. ಅವಳು ಮಗುವನ್ನು ನನ್ನ ಕೈಗಿಟ್ಟು ನೀರು ಕುಡಿಯಲು ಹೋದಳು. ಮಗು ನನ್ನನ್ನು ದಿಟ್ಟಿಸಿ ನೋಡಿ ಮೀಸೆ ಹಿಡಿದು ಜಗ್ಗಿತು. ಅಷ್ಟು ನಾಚಿಕೆಯಲ್ಲೂ ಗಟ್ಟಿಯಾಗಿ ನಕ್ಕುಬಿಟ್ಟೆ. ಇಷ್ಟು ಚೆಂದದ ಮಗುವನ್ನೇ ನಾನು ನೋಡಿರಲಿಲ್ಲ.

ಕೃಷ್ಣರಾಜಪುರದಲ್ಲಿ ಹತ್ತಿದ ರೈಲಿನ ಡಬ್ಬಿಯಲ್ಲಿ ನಮ್ಮೂರಿನ ಗೆಳೆಯನೊಬ್ಬನಿದ್ದ.

"ಏನ್ಲಾ, ನೀನಂದಂಗೆ ಎಂಟು ಗಂಟೆ ಹಿಡೀತಾ?"

ನಾನು ತೊಡೆ ಮೇಲಿದ್ದ ಮಗುವಿನ ಟೋಪಿ ಸರಿಮಾಡತೊಡಗಿದೆ. ಮಗಳು ನನ್ನ ಮುಖ ನೋಡಿದಳು. ಒಂದು ಗಳಿಗೆಯಲ್ಲಿ ಅವಳಿಗೆ ಎಲ್ಲ ತಿಳಿಯಿತು.

"ಹೂ ಮಾವ," ಅಂದಳು, "ಈಗ ತಾನೇ ಇಳಿದ್ವಿ. ನೈನಾ ಆಗ್ಲೇ ಬಂದು ಕಾಯ್ತಾ ಇದ್ರು."

ಹೊಟ್ಟೆಗಿಲ್ಲದೆ ಕೂತಿದ್ದ ಬಾಣಂತಿ ನನ್ನ ಮಾನಕ್ಕಾಗಿ ಸುಳ್ಳು ಹೇಳಿದಳು. ಗೆಳೆಯ ನನ್ನ ಬೆನ್ನು ತಟ್ಟಿದ. ನಾನು ಮಗುವಿನ ಟೋಪಿಗೆ ಮುಖ ಒತ್ತಿಕೊಂಡವನು ಮಾಲೂರು ದಾಟುವ ತನಕ ತಲೆ ಎತ್ತಲಿಲ್ಲ.